ಕೊಟೇಷನ್ನಿನ ನಡುಸಾಲುಗಳು

ಕಾರಿನ ಷೋರೂಮಿಗೆ ಹೋದವರಿಗೆ ಮೊದಲು ಸಿಗುವುದು ಎ.ಸಿ.ಯ ತಂಪು, ಆಮೇಲೆ ಕಾಫಿ, ಅದಾದ ಮೇಲೆ ಒಂದು ಹಾಳೆ. ಹಾಳೆಯ ಮೇಲ್ತುದಿಯಲ್ಲಿ ಎಕ್ಸ್ ಷೋರೂಂ ಬೆಲೆ, ಕೆಳತುದಿಯಲ್ಲಿ ಆನ್‌ರೋಡ್ ಬೆಲೆ, ಎರಡರ ನಡುವೆ ಎಂಟು ಹತ್ತು ಸಾಲು ಸಣ್ಣಕ್ಷರ. ಗಿರಾಕಿ ಮೇಲಿನ ಅಂಕಿ ನೋಡಿ ಧೈರ್ಯ ತಂದುಕೊಳ್ಳುತ್ತಾನೆ, ಕೆಳಗಿನದನ್ನು ನೋಡಿ ಬೆವರುತ್ತಾನೆ, ನಡುವಿನದನ್ನು ಓದುವುದಿಲ್ಲ. "ಡಿಸ್ಕೌಂಟ್ ಎಷ್ಟು ಕೊಡ್ತೀರಿ?" ಅನ್ನುತ್ತಾನೆ. ಚೌಕಾಸಿ ಇಪ್ಪತ್ತು ಸಾವಿರದಲ್ಲಿ ಶುರುವಾಗಿ ಮೂವತ್ತೈದಕ್ಕೆ ನಿಲ್ಲುತ್ತದೆ. ಮನೆಗೆ ಬಂದು ಹೆಂಡತಿಗೆ, ಭಾವಮೈದನಿಗೆ ಫೋನ್ ಮಾಡಿ ಹೇಳಿಕೊಳ್ಳುವಷ್ಟು ಖುಷಿ. ಬಿಟ್ಟುಕೊಟ್ಟ ಆ ಮೂವತ್ತೈದು ಸಾವಿರವನ್ನು ಷೋರೂಮಿನವರು ನಡುಸಾಲುಗಳಲ್ಲಿ ಆಗಲೇ ತುಂಬಿಕೊಂಡಿರುತ್ತಾರೆ.

ಕೊಳ್ಳುವವರು ಒಂದು ಕಾರು ಕೊಳ್ಳುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಮೇಜಿನಾಚೆ ಕೂತವರು ಮಾರುತ್ತಿರುವುದು ಕಾರು, ವಿಮೆ, ಸಾಲ, ಆಕ್ಸೆಸರೀಸ್, ಎಕ್ಸ್‌ಟೆಂಡೆಡ್ ವಾರಂಟಿ. ಜೊತೆಗೆ ನಿಮ್ಮ ಹಳೇ ಕಾರಿನ ಖರೀದಿ. ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಹಿಡಿಯುವುದು ಅವರಿಗೆ ದಿನನಿತ್ಯದ ಲೆಕ್ಕ. ಹಾಗಾಗಿ ಡಿಸ್ಕೌಂಟಿನ ಮಾತು ಎತ್ತುವ ಮೊದಲು ಹಾಳೆಯ ಒಂದೊಂದು ಸಾಲಿಗೂ ಬೆರಳಿಟ್ಟು, ಇದು ಸರ್ಕಾರಕ್ಕೋ ನಿಮಗೋ ಎಂದು ಕೇಳುವುದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಕರ್ನಾಟಕದಲ್ಲಿ ಇದು ಇನ್ನೂ ಮುಖ್ಯ. ಇಲ್ಲಿ ಸರ್ಕಾರದ ಪಾಲೇ ದೊಡ್ಡದು, ಅದರ ನೆರಳಲ್ಲಿ ಉಳಿದ ಸಾಲುಗಳು ಸಣ್ಣದಾಗಿ ಕಾಣುತ್ತವೆ.

ಸರ್ಕಾರದ ಸಾಲು

ಜೀವಾವಧಿ ತೆರಿಗೆಯಲ್ಲಿ ನಮ್ಮ ರಾಜ್ಯ ದೇಶದ ಮುಂಚೂಣಿಯಲ್ಲಿದೆ. 5 ಲಕ್ಷದೊಳಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18. ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹತ್ತು ಲಕ್ಷದ ಗೆರೆಯಲ್ಲಿ ಏನಾಗುತ್ತದೆ ಎಂಬುದನ್ನು ಸೇಲ್ಸ್‌ಮನ್ ತಾನಾಗಿ ಹೇಳುವುದಿಲ್ಲ. 9.95 ಲಕ್ಷದ ಕಾರಿಗೆ ಸೆಸ್ ಸೇರಿ ತೆರಿಗೆ ಸುಮಾರು 1.55 ಲಕ್ಷ. 10.05 ಲಕ್ಷದ್ದಕ್ಕೆ ಸುಮಾರು 1.90 ಲಕ್ಷ. "ಇನ್ನು ಹತ್ತೇ ಸಾವಿರ ಹಾಕಿದ್ರೆ ಮೇಲಿನ ವೇರಿಯಂಟ್ ಸಿಗುತ್ತೆ ಸಾರ್" ಎಂದಾಗ ಆ ಹತ್ತು ಸಾವಿರ ನಲವತ್ತೈದು ಸಾವಿರವಾಗುವ ಬಗೆ ಇದು. ಸನ್‌ರೂಫ್ ಅಷ್ಟಕ್ಕೆ ಬಾಳುತ್ತದೆಯೇ ಎಂಬುದು ಅವರವರ ಇಷ್ಟ. ಲೆಕ್ಕ ಗೊತ್ತಿದ್ದು ಆರಿಸಿಕೊಳ್ಳುವುದು ಬೇರೆ ಮಾತು.

ಹತ್ತು ಲಕ್ಷ ದಾಟಿದ ಕಾರಿಗೆ ಟಿಸಿಎಸ್ ಎಂದು ಶೇ 1 ಕಟ್ಟಿಸಿಕೊಳ್ಳುತ್ತಾರೆ. ಇದು ಖರ್ಚಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಮುಂಗಡವಾಗಿ ಜಮೆಯಾಗುವ ಆದಾಯ ತೆರಿಗೆ. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಾದರೆ ವಾಪಸು ಬರುತ್ತದೆ. 15 ಲಕ್ಷದ ಕಾರಿಗೆ 15 ಸಾವಿರ. ಷೋರೂಂ ನಿಮ್ಮ ಪ್ಯಾನ್ ಸಂಖ್ಯೆಯನ್ನು ಸರಿಯಾಗಿ ನಮೂದಿಸಿದೆಯೇ ಎಂದು ನೋಡದಿದ್ದರೆ, ಆ ಹಣ ಕಟ್ಟಿದ್ದೇ ಮರೆತುಹೋಗುತ್ತದೆ.

ಇನ್ನು 'ಆರ್‌ಟಿಒ ಖರ್ಚು' ಎಂಬ ಸಾಲು. ಕಾರಿನ ನೋಂದಣಿ ಶುಲ್ಕ 600 ರೂಪಾಯಿ. ಸಾಲ ಮಾಡಿದ್ದರೆ ಹೈಪೊಥಿಕೇಷನ್ ನಮೂದಿಗೆ 1,500. ಇದರ ಮೇಲೆ ಆರ್‌ಸಿ ಕಾರ್ಡಿನ, ಅಂಚೆಯ ಚಿಲ್ಲರೆ. ಆದರೆ ತೆರಿಗೆಯನ್ನೂ ಇದನ್ನೂ ಕಲಸಿ ಒಂದೇ ಅಂಕಿಯಲ್ಲಿ ಬರೆದಾಗ ಐದಾರು ಸಾವಿರ ಒಳಗೆ ಸೇರಿಕೊಂಡರೂ ಗೊತ್ತಾಗುವುದಿಲ್ಲ. ಪೂರ್ತಿ ಕಟ್ಟಿದ ಹೊಸ ಕಾರನ್ನು ತಪಾಸಣೆಗೆಂದು ಆರ್‌ಟಿಒ ಕಚೇರಿಗೆ ಒಯ್ಯುವ ಪದ್ಧತಿಯೂ 2021ರ ನಿಯಮ ಬದಲಾವಣೆಯ ಮೇಲೆ ಇಲ್ಲ. ಅರ್ಜಿಯನ್ನು ಡೀಲರ್ ಆನ್‌ಲೈನಿನಲ್ಲೇ ಹಾಕುತ್ತಾರೆ. ಅಂದಮೇಲೆ ಏಜೆಂಟ್ ಖರ್ಚು, ಓಡಾಟದ ಖರ್ಚು ಎಂಬುದಕ್ಕೆ ಅರ್ಥವಿಲ್ಲ. 2019ರ ಏಪ್ರಿಲ್‌ನಿಂದ ತಯಾರಾದ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟನ್ನು ಕಂಪನಿಯೇ ಕೊಡಬೇಕು, ಅದಕ್ಕೂ ಪ್ರತ್ಯೇಕ ಸಾಲು ಬೇಕಿಲ್ಲ. ಪ್ಲೇಟ್ ಬೀಳದ ಹೊಸ ಗಾಡಿಯನ್ನು ಮಾಲೀಕನ ಕೈಗೆ ಕೊಡಬಾರದು ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೇ ಹೇಳುತ್ತದೆ.

'ಹ್ಯಾಂಡ್ಲಿಂಗ್ ಚಾರ್ಜಸ್', ಕೆಲವೆಡೆ 'ಲಾಜಿಸ್ಟಿಕ್ಸ್', ಇನ್ನು ಕೆಲವೆಡೆ 'ಡಿಪೋ ಚಾರ್ಜಸ್'. ಇದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಕಾರನ್ನು ಕಾರ್ಖಾನೆಯಿಂದ ಊರಿಗೆ ತರುವ ಖರ್ಚು, ಡೀಲರ್ ಲಾಭ ಎರಡೂ ಎಕ್ಸ್ ಷೋರೂಂ ಬೆಲೆಯಲ್ಲೇ ಇವೆ. "ಈ ಸಾಲನ್ನು ಟ್ಯಾಕ್ಸ್ ಇನ್‌ವಾಯ್ಸಿನಲ್ಲಿ ಬರೆದುಕೊಡಿ" ಎಂದು ಕೇಳಿ ನೋಡಿ. ಸೇಲ್ಸ್‌ಮನ್ ಒಳಗೆ ಹೋಗುತ್ತಾನೆ, ಮ್ಯಾನೇಜರ್ ಹೊರಗೆ ಬರುತ್ತಾರೆ, ಸಾಲು ಹೊಡೆದುಹಾಕುತ್ತಾರೆ.

ಮೇಜಿನ ಆಚೆ ಕೂತವರು

ಡೀಲರ್‌ಗಳೆಲ್ಲ ಕಳ್ಳರು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಕಾರಿನ ಬೆಲೆಯಲ್ಲಿ ಅವರಿಗೆ ಸಿಗುವ ಪಾಲು ನೂರಕ್ಕೆ ಐದರ ಆಸುಪಾಸು. ಅದರಲ್ಲೇ ರಿಂಗ್ ರೋಡಿನ ಬಾಡಿಗೆ, ಸಂಬಳ, ಬಡ್ಡಿ. ಡೀಲರ್ ಕಂಪನಿಯಿಂದ ಕಾರನ್ನು ಸಾಲದ ದುಡ್ಡಿನಲ್ಲಿ ಎತ್ತುತ್ತಾನೆ. ಮಾರಾಟವಾಗದೆ ನಿಂತ ಪ್ರತಿ ಕಾರೂ ದಿನಕ್ಕಿಷ್ಟು ಬಡ್ಡಿ ತಿನ್ನುತ್ತದೆ. 2024ರ ಸೆಪ್ಟೆಂಬರ್ ಹೊತ್ತಿಗೆ ದೇಶದ ಡೀಲರ್‌ಗಳ ಅಂಗಳದಲ್ಲಿ ಸುಮಾರು 7.9 ಲಕ್ಷ ಕಾರುಗಳು ನಿಂತಿದ್ದವು, ಮೌಲ್ಯ 79 ಸಾವಿರ ಕೋಟಿ ರೂಪಾಯಿ ಎಂದು ಡೀಲರ್‌ಗಳ ಒಕ್ಕೂಟ ಫಾಡಾ ಲೆಕ್ಕ ಕೊಟ್ಟಿತ್ತು. 80ರಿಂದ 85 ದಿನದ ಮಾರಾಟಕ್ಕೆ ಸಾಕಾಗುವಷ್ಟು ಸರಕು ಅದು.

"ಇದಕ್ಕಿಂತ ಒಂದು ರೂಪಾಯಿ ಬಿಟ್ರೂ ನನ್ನ ಕೆಲಸ ಹೋಗುತ್ತೆ ಸಾರ್" ಎಂಬ ಮಾತು ನಾಟಕದಂತೆ ಕೇಳುತ್ತದೆ. ಅದರ ಹಿಂದೆ ಒಂದು ಕತೆಯಿದೆ. 2021ರ ಆಗಸ್ಟ್ 23ರಂದು ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ರಿಯಾಯಿತಿ ಕೊಡದಂತೆ ಡೀಲರ್‌ಗಳನ್ನು ಕಟ್ಟಿಹಾಕಲಾಗಿತ್ತು, ಗಿರಾಕಿಗಳ ವೇಷದಲ್ಲಿ ಏಜೆನ್ಸಿಯವರನ್ನು ಷೋರೂಮಿಗೆ ಕಳಿಸಿ ಪರೀಕ್ಷಿಸಲಾಗುತ್ತಿತ್ತು, ಹೆಚ್ಚು ಬಿಟ್ಟುಕೊಟ್ಟವರಿಗೆ, ಸೇಲ್ಸ್‌ಮನ್ ಸೇರಿದಂತೆ, ದಂಡ ಬೀಳುತ್ತಿತ್ತು ಎಂಬುದು ಆಯೋಗದ ಆದೇಶದ ಸಾರ. ಕಂಪನಿ ಇದರ ವಿರುದ್ಧ ಮೇಲ್ಮನವಿ ಹೋಯಿತು. ಇದೇ ಬಗೆಯ ಆರೋಪದಲ್ಲಿ 2017ರಲ್ಲಿ ಹ್ಯುಂಡೈಗೆ ಬಿದ್ದಿದ್ದ 87 ಕೋಟಿ ದಂಡ ಮರುವರ್ಷ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ರದ್ದಾಗಿತ್ತು. ಕಾನೂನಿನ ತಕರಾರು ಹೇಗೇ ಇರಲಿ, ಕಾರಿನ ಬೆಲೆಯಲ್ಲಿ ಕೈ ಕಟ್ಟಿಸಿಕೊಂಡ ಡೀಲರ್ ಇನ್ನೆಲ್ಲಿ ಕೈ ಚಾಚುತ್ತಾನೆ ಎಂಬುದನ್ನು ಊಹಿಸಲು ಕಷ್ಟವಿಲ್ಲ. ಸೇಲ್ಸ್‌ಮನ್‌ಗೂ ತಿಂಗಳಿಗೆ ಇಷ್ಟು ಕಾರು ಎಂಬುದರ ಜೊತೆಗೆ ಇಷ್ಟು ವಿಮೆ, ಇಷ್ಟು ಸಾಲ, ಇಷ್ಟು ಆಕ್ಸೆಸರೀಸ್ ಎಂಬ ಗುರಿ ಬೇರೆ ಇರುತ್ತದೆ. ಅವನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ವಿಮೆಯಲ್ಲಿ ಅಡಗಿರುವುದು

ನಡುಸಾಲುಗಳಲ್ಲಿ ದಷ್ಟಪುಷ್ಟವಾಗಿರುವುದು ವಿಮೆ. 2018ರ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ಗೊತ್ತುಮಾಡಿದ್ದು: 2022ರ ಜೂನ್ 1ರ ದರಪಟ್ಟಿಯಲ್ಲಿ 1000 ಸಿಸಿಯೊಳಗಿನ ಕಾರಿಗೆ 6,521 ರೂಪಾಯಿ, 1000ದಿಂದ 1500 ಸಿಸಿಗೆ 10,640, ಅದರ ಮೇಲಿನದಕ್ಕೆ 24,596, ಇದರ ಮೇಲೆ ಜಿಎಸ್‌ಟಿ. ಇದನ್ನು ಯಾರಿಂದ ಕೊಂಡರೂ ಒಂದೇ ಬೆಲೆ. ವ್ಯತ್ಯಾಸ ಬರುವುದೆಲ್ಲ ನಿಮ್ಮ ಕಾರಿನ ಹಾನಿಗೆ ಸಿಗುವ 'ಓನ್ ಡ್ಯಾಮೇಜ್' ಭಾಗದಲ್ಲಿ, ಅದಕ್ಕೆ ಅಂಟಿಸುವ ಆಡ್‌ಆನ್‌ಗಳಲ್ಲಿ. ಓನ್ ಡ್ಯಾಮೇಜನ್ನು ಒಂದು ವರ್ಷಕ್ಕೆ ಮಾತ್ರ ಕೊಂಡರೂ ಸಾಕು.

ಒಂದೇ ವಿಮಾ ಕಂಪನಿ, ಒಂದೇ ಐಡಿವಿ (ವಿಮೆಯಲ್ಲಿ ಕಾರಿಗೆ ಕಟ್ಟಿದ ಬೆಲೆ), ಅವೇ ಆಡ್‌ಆನ್‌ಗಳು. ಆದರೂ ಷೋರೂಮಿನ ಹಾಳೆಯಲ್ಲಿ ಒಂದು ಮೊತ್ತ, ಹೊರಗಡೆ ಅದಕ್ಕಿಂತ ಹತ್ತು ಹದಿನೈದು ಸಾವಿರ ಕಡಿಮೆ. ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: "ಹೊರಗಿನ ಇನ್ಶೂರೆನ್ಸ್ ತಗೊಂಡ್ರೆ ಕ್ಯಾಶ್‌ಲೆಸ್ ಆಗಲ್ಲ ಸಾರ್. ನಾಳೆ ಬಂಪರ್ ಒಡೆದ್ರೆ ನೀವೇ ಕೈಯಿಂದ ಹಾಕ್ಬೇಕು." ಕ್ಯಾಶ್‌ಲೆಸ್ ಸೌಲಭ್ಯ ಆ ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದೆಯೇ ಎಂಬುದರ ಮೇಲೆ ನಿಂತಿದೆ. ಪಾಲಿಸಿಯನ್ನು ಮಾರಿದವರು ಯಾರು ಎಂಬುದರ ಮೇಲಲ್ಲ. ಒಪ್ಪಂದವಿರುವ ಕಂಪನಿಗಳ ಪಟ್ಟಿಯನ್ನು ಸರ್ವಿಸ್ ವಿಭಾಗದವರನ್ನೇ ಕೇಳಿದರೆ ಸಿಗುತ್ತದೆ. ಸೇಲ್ಸ್ ವಿಭಾಗದವರನ್ನು ಕೇಳಬೇಡಿ. ತಮ್ಮಲ್ಲೇ ವಿಮೆ ಮಾಡಿಸಬೇಕು ಎಂದು ವಾಹನ ಡೀಲರ್‌ಗಳು ಗಿರಾಕಿಯನ್ನು ಬಲವಂತಪಡಿಸುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ಮಾರ್ಗಸೂಚಿಯಲ್ಲೇ ಇದೆ. ಹೊರಗೆ ಕೊಳ್ಳುವವರೂ ಒಂದನ್ನು ನೋಡಿಕೊಳ್ಳಬೇಕು. ಹೊಸ ಕಾರಿನ ಐಡಿವಿ ಎಕ್ಸ್ ಷೋರೂಂ ಬೆಲೆಯ ಶೇ 95ರ ಹತ್ತಿರ ಇರಬೇಕು. ಅದನ್ನು ತಗ್ಗಿಸಿ ಅಗ್ಗದ ಪ್ರೀಮಿಯಂ ತೋರಿಸಿದರೆ, ಕಾರು ಕಳುವಾದ ದಿನ ಅಷ್ಟೇ ಕಡಿಮೆ ದುಡ್ಡು ಸಿಗುತ್ತದೆ.

ನಿಜಕ್ಕೂ ಹೊರಗೆ ಕೊಳ್ಳಲೇಬೇಕೆಂದಿಲ್ಲ. ಹೊರಗಿನ ಕೊಟೇಷನ್ ಕೈಯಲ್ಲಿದ್ದರೆ ಸಾಕು, ಅದೇ ಮೊತ್ತಕ್ಕೆ ಷೋರೂಮಿನವರೇ ಇಳಿಯುವುದು ಮಾಮೂಲು. "ಕಾರ್ ರೇಟಲ್ಲಿ ಇನ್ನೂ ಬಿಡಿ" ಎಂದು ಅರ್ಧ ದಿನ ಜಗ್ಗಾಡಿದರೂ ಬಾರದ ಹಣ ಇಲ್ಲಿ ಹತ್ತು ನಿಮಿಷಕ್ಕೆ ಬರುತ್ತದೆ.

ಆಕ್ಸೆಸರೀಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 'ಎಸೆನ್ಷಿಯಲ್ ಕಿಟ್' ಎಂಬ ಹೆಸರಿನಲ್ಲಿ ಮ್ಯಾಟು, ಮಡ್‌ಫ್ಲ್ಯಾಪು, ಸೀಟ್ ಕವರು. ಅದೇ ಬಗೆಯ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೌಕಾಸಿಗೆ ಸಿಗುತ್ತದೆ. ವೈರಿಂಗ್ ಕತ್ತರಿಸಬೇಕಾದ ದೀಪ, ಸ್ಟೀರಿಯೊಗಳನ್ನು ಮಾತ್ರ ಹೊರಗೆ ಹಾಕಿಸಬೇಡಿ, ವಾರಂಟಿಗೆ ತಕರಾರು ಬರುತ್ತದೆ. ಟೆಫ್ಲಾನ್, ಸಿರಾಮಿಕ್ ಕೋಟಿಂಗ್‌ಗಳನ್ನು ಡೆಲಿವರಿ ದಿನವೇ ಮಾಡಿಸಬೇಕೆಂಬ ಶಾಸ್ತ್ರ ಎಲ್ಲಿಯೂ ಇಲ್ಲ.

ಕಂತಿನ ಕಣ್ಣುಕಟ್ಟು

"ತಿಂಗಳಿಗೆ ಎಷ್ಟು ಕಟ್ಟೋಕೆ ಅನುಕೂಲ ಆಗುತ್ತೆ ಮೇಡಂ?" ತೀರಾ ಕಾಳಜಿಯ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟ ಕ್ಷಣದಿಂದ ಮಾತು ಕಾರಿನ ಬೆಲೆ ಬಿಟ್ಟು ಕಂತಿನ ಕಡೆ ಹೊರಳುತ್ತದೆ. ಐದು ವರ್ಷವನ್ನು ಏಳು ಮಾಡಿದರೆ ಯಾವ ಕಾರೂ ಯಾವ ಸಂಬಳಕ್ಕೂ ಹೊಂದಿಕೊಳ್ಳುತ್ತದೆ. ಇನ್ನೊಂದು ಹಳೆಯ ಆಟ, ಫ್ಲಾಟ್ ಬಡ್ಡಿ. 8 ಲಕ್ಷ ಸಾಲಕ್ಕೆ 5 ವರ್ಷ ಶೇ 6 ಫ್ಲಾಟ್ ಎಂದರೆ ಬಡ್ಡಿ 2.4 ಲಕ್ಷ, ತಿಂಗಳ ಕಂತು 17,333 ರೂಪಾಯಿ. ಆರು ಎಂದರೆ ಅಗ್ಗವೆನ್ನಿಸುತ್ತದೆ. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಪೂರ್ತಿ 8 ಲಕ್ಷದ ಮೇಲೇ ಓಡುತ್ತಿರುತ್ತದೆ. ಬ್ಯಾಂಕಿನವರು ಹೇಳುವ ಇಳಿಕೆ ಬಾಕಿಯ ಲೆಕ್ಕಕ್ಕೆ ತಂದರೆ ಇದು ಶೇ 11ರ ಹತ್ತಿರ ಬರುತ್ತದೆ. ಬ್ಯಾಂಕಿನ ಬಾಗಿಲಲ್ಲಿ ಶೇ 9ಕ್ಕೆ ಸಾಲ ಸಿಗುತ್ತಿದ್ದವರು ಷೋರೂಮಿನಲ್ಲಿ ಶೇ 6ಕ್ಕೆ ಮರುಳಾಗಿ ಸಹಿ ಹಾಕುವುದು ಹೀಗೆ.

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿದೆ. ಕಾರಿನ ಸಾಲವೂ ಸೇರಿದಂತೆ ರಿಟೇಲ್ ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಹಿಗೆ ಮುಂಚೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಪತ್ರ ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂಬ ಅಂಕಿ ಇರುತ್ತದೆ: ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಸಾಲದ ಜೊತೆ ತೂರಿಸಿದ ವಿಮೆ ಎಲ್ಲ ಸೇರಿದ ವಾರ್ಷಿಕ ಹೊರೆ. ಎರಡು ಕಡೆಯ ಎಪಿಆರ್ ಅಕ್ಕಪಕ್ಕ ಇಟ್ಟು ನೋಡಿದರೆ ಸೇಲ್ಸ್‌ಮನ್ನಿನ ಯಾವ ಮಾತೂ ಬೇಕಾಗುವುದಿಲ್ಲ.

ದುಡ್ಡು ಕಟ್ಟುವಾಗ ಡೀಲರ್‌ಶಿಪ್ಪಿನ ಖಾತೆಗೇ ಕಟ್ಟಿ. "ಇವತ್ತೇ ಸ್ಲಾಟ್ ಹಿಡಿಯಬೇಕು, ನನ್ನ ನಂಬರ್‌ಗೇ ಹಾಕಿಬಿಡಿ" ಎಂದು ಯಾರಾದರೂ ಅಂದರೆ ಆ ಕುರ್ಚಿಯಿಂದ ಎದ್ದುಬಿಡುವುದು ಕ್ಷೇಮ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಅವರು ತೆಗೆದುಕೊಳ್ಳುವಂತೆಯೂ ಇಲ್ಲ. ಬುಕಿಂಗ್ ಫಾರಂ ಹಿಂಬದಿಯಲ್ಲಿ, ಡೆಲಿವರಿ ದಿನದ ಬೆಲೆಯೇ ಅನ್ವಯ ಎಂಬ ಸಾಲು ಇದ್ದೇ ಇರುತ್ತದೆ. ಬುಕಿಂಗ್ ರದ್ದಾದರೆ ಎಷ್ಟು ಹಣ, ಎಷ್ಟು ದಿನದಲ್ಲಿ ವಾಪಸು ಎಂಬುದನ್ನು ಅದರ ಕೆಳಗೆ ಬರೆಸಿಕೊಳ್ಳಿ.

ಆಷಾಢ, ಆಯುಧಪೂಜೆ

ನಮ್ಮಲ್ಲಿ ಕಾರಿನ ಮಾರುಕಟ್ಟೆ ಪಂಚಾಂಗದ ಮೇಲೆ ನಡೆಯುತ್ತದೆ. ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಪಿತೃಪಕ್ಷದಲ್ಲೂ ಅಷ್ಟೆ, ಧನುರ್ಮಾಸದಲ್ಲೂ ಅಷ್ಟೆ. ಷೋರೂಮುಗಳು ನೊಣ ಹೊಡೆಯುವ ಈ ವಾರಗಳಲ್ಲೇ 'ಆಷಾಢ ಆಫರ್' ಫ್ಲೆಕ್ಸ್ ಮೇಲೇಳುತ್ತವೆ. ರಿಯಾಯಿತಿ ಆಷಾಢದ್ದು, ಬಿಲ್ಲು ಶ್ರಾವಣದ್ದು ಎಂದರೆ ನಡೆಯದು, ಕಂಪನಿಯ ಸ್ಕೀಮು ಬಿಲ್ಲಿನ ತಿಂಗಳಿಗೆ ಗಂಟುಬಿದ್ದಿರುತ್ತದೆ. ಬಿಲ್ಲು, ನೋಂದಣಿ ಆಷಾಢದಲ್ಲಿ ಮುಗಿಸಿ, ಗಾಡಿಯನ್ನು ಮಾತ್ರ ಶ್ರಾವಣದಲ್ಲಿ ಮನೆಗೆ ತರುವ ಜಾಣರೂ ಇದ್ದಾರೆ. ಧನುರ್ಮಾಸದ ಜೊತೆ ಡಿಸೆಂಬರ್ ಕೂಡಿಬರುವುದರಿಂದ ಆಗಿನ ರಿಯಾಯಿತಿ ಇನ್ನೂ ದೊಡ್ಡದು. ಹೊಸ ವರ್ಷ ಹುಟ್ಟಿತೆಂದರೆ ಅಂಗಳದಲ್ಲಿರುವ ಕಾರು ಲೆಕ್ಕದಲ್ಲಿ ಒಂದು ವರ್ಷ ಹಳತು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದರಿಂದ ನಷ್ಟವಿಲ್ಲ, ನಾಲ್ಕು ವರ್ಷಕ್ಕೆ ಮಾರುವವರು ಯೋಚಿಸಬೇಕು.

ಆಯುಧಪೂಜೆಯ ಕತೆ ತಿರುಗುಮುರುಗು. "ಹಬ್ಬದ ದಿನ ಬೆಳಿಗ್ಗೆ ಹತ್ತರೊಳಗೆ ಗಾಡಿ ಬೇಕು" ಎಂದ ಕೂಡಲೇ ಚೌಕಾಸಿಯ ಬಲವೆಲ್ಲ ಮೇಜಿನ ಆಚೆಗೆ ಹೋಯಿತು. ಅಂದು ಒಂದೊಂದು ಷೋರೂಮಿನ ಮುಂದೆಯೂ ಹಾರ ಹಾಕಿದ ಕಾರುಗಳ ಸಾಲು, ಚಕ್ರಕ್ಕೊಂದು ನಿಂಬೆಹಣ್ಣು, ಪುರೋಹಿತರಿಗೆ ಪುರುಸೊತ್ತಿಲ್ಲ, ಮಕ್ಕಳಿಗೆ ಫೋಟೊ ಅವಸರ. ಬಣ್ಣ ನೋಡುವವರಿಲ್ಲ, ಬಾಗಿಲು ತೆಗೆದು ಹಾಕಿ ನೋಡುವವರಿಲ್ಲ. ಹದಿನೈದು ಇಪ್ಪತ್ತು ಕಾಗದಗಳ ಮೇಲೆ 'ಇಲ್ಲಿ, ಇಲ್ಲಿ, ಇಲ್ಲಿ' ಎಂದಲ್ಲೆಲ್ಲ ಸಹಿ. ಕಾರು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ ಎಂಬ ಕಾಗದವೂ ಅವುಗಳಲ್ಲೊಂದು.

ಕಾರನ್ನು ನೋಡಬೇಕಾದ್ದು ಮುಹೂರ್ತದ ದಿನವಲ್ಲ, ನೋಂದಣಿಗೂ ಮೊದಲು, ಅದು ನಿಂತಿರುವ ಸ್ಟಾಕ್‌ಯಾರ್ಡಿನಲ್ಲಿ. ನಂಬರ್ ಬಿದ್ದ ಮೇಲೆ ಕಾನೂನಿನ ಕಣ್ಣಲ್ಲಿ ಅದು ನಿಮ್ಮ ಕಾರು, ಬೇರೆ ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ಯಾರ್ಡುಗಳು ಊರಾಚೆ ಬಯಲಲ್ಲಿರುತ್ತವೆ, ಕಾರುಗಳು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿರುತ್ತವೆ. ಬೆಳಿಗ್ಗೆಯ ಬೆಳಕಿನಲ್ಲಿ ಹೋಗಿ. ಬಾನೆಟ್ಟಿನ, ಬಾಗಿಲಿನ ಕೀಲಿಗೆ ಹಾಕಿದ ಬೋಲ್ಟುಗಳ ತಲೆ ನೋಡಿ. ಸ್ಪ್ಯಾನರ್ ಕಚ್ಚಿ ಬಣ್ಣ ಎದ್ದಿದ್ದರೆ ಆ ಭಾಗವನ್ನು ಯಾರೋ ಬಿಚ್ಚಿ ಹಾಕಿದ್ದಾರೆ. ಬಾಗಿಲಿನ ರಬ್ಬರ್ ಬೀಡಿಂಗ್ ಸರಿಸಿದಾಗ ಒಳಗಿನ ಬಣ್ಣ ಹೊರಗಿನದಕ್ಕಿಂತ ಬೇರೆ ಛಾಯೆಯಲ್ಲಿದ್ದರೆ ಮತ್ತೆ ಪೇಂಟ್ ಬಿದ್ದಿದೆ ಎಂದರ್ಥ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ: 3225 ಎಂದಿದ್ದರೆ 2025ರ 32ನೇ ವಾರ ತಯಾರಾದದ್ದು. ಐದನೇ ಟೈರನ್ನೂ ನೋಡಿ.

ಚಾಸಿ ಸಂಖ್ಯೆಯಲ್ಲಿ 17 ಅಕ್ಷರ ಅಂಕಿಗಳಿವೆ. ಬಹುತೇಕ ಕಂಪನಿಗಳಲ್ಲಿ ಹತ್ತನೆಯದು ವರ್ಷ: ಆರ್ ಎಂದರೆ 2024, ಎಸ್ ಎಂದರೆ 2025, ಟಿ ಎಂದರೆ 2026. ಎಲ್ಲ ಕಂಪನಿಗಳ ಪದ್ಧತಿ ಒಂದೇ ಅಲ್ಲವಾದ್ದರಿಂದ ತಯಾರಾದ ತಿಂಗಳು, ವರ್ಷವನ್ನು ಬರವಣಿಗೆಯಲ್ಲಿ ಕೇಳಿ. ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ಅದಕ್ಕೆಂದೇ ಒಂದು ಕಲಂ ಇದೆ. ಪೂರ್ತಿ ಹಣ ಕಟ್ಟುವ ಮುಂಚೆಯೇ ಚಾಸಿ ಸಂಖ್ಯೆ ಕೇಳಿ ಪಡೆದರೆ, ನೀವು ನೋಡಿದ ಕಾರೇ ನಿಮಗೆ ಬಂತೇ ಎಂದು ತಾಳೆ ನೋಡಬಹುದು.

ಹಳೇ ಕಾರಿನ ಕೀಲಿ

ಎಕ್ಸ್‌ಚೇಂಜ್ ಎಂದರೆ ಹೊಸದರ ರಿಯಾಯಿತಿ, ಹಳೆಯದರ ಬೆಲೆ ಎರಡನ್ನೂ ಕಲಸಿಬಿಡುವ ಕಲೆ. "ನಿಮ್ಮ ಗಾಡಿಗೆ ಮೂರು ಲಕ್ಷ, ಬೋನಸ್ ನಲವತ್ತು" ಅನ್ನುತ್ತಾರೆ. ಬೋನಸ್ ಕಂಪನಿ ಕೊಡುವುದು. ಗಾಡಿಗೆ ಹೊರಗೆ ಮೂರೂವರೆ ಇದ್ದರೆ ನಲವತ್ತು ಬಂದೂ ಹತ್ತು ಹೋಯಿತು. ಹಣಕ್ಕಿಂತ ದೊಡ್ಡ ಅಪಾಯ ಹೆಸರಿನದು. ಕೀಲಿ ಕೊಟ್ಟು ಬಂದ ಕಾರು ತಿಂಗಳುಗಟ್ಟಲೆ ನಿಮ್ಮ ಹೆಸರಿನಲ್ಲೇ ಓಡಾಡುತ್ತಿರಬಹುದು. ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಅಧಿಕೃತ ಹಳೇ ವಾಹನ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಫಾರಂ 29ಸಿ ಮೂಲಕ ದಾಖಲಿಸಿದರೆ ಹೊಣೆ ಡೀಲರ್‌ಗೆ ಹೋಗುತ್ತದೆ. ಕೀಲಿ ಕೊಡುವಾಗ ಅದರ ಸ್ವೀಕೃತಿ ಕೇಳಿ ಪಡೆಯಿರಿ.

ಹಳೇ ಕಾರು ಕೊಳ್ಳುವವರ ಕಷ್ಟ ಇನ್ನೊಂದು ಲೇಖನಕ್ಕಾಗುವಷ್ಟಿದೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳನ್ನು ಊರೆಲ್ಲ ನೋಡಿತು. ದುರಸ್ತಿ ಖರ್ಚು ಐಡಿವಿಯ ಶೇ 75 ದಾಟಿದರೆ ವಿಮೆಯವರು ಟೋಟಲ್ ಲಾಸ್ ಎಂದು ಹಣ ಕೊಟ್ಟು, ಕಾರನ್ನು ಹರಾಜಿಗೆ ಬಿಡುತ್ತಾರೆ. ಹರಾಜಿನಲ್ಲಿ ಹೋದದ್ದೆಲ್ಲ ಗುಜರಿಗೇ ಹೋಗುತ್ತದೆ ಎಂದೇನೂ ಇಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಒಳಸುತ್ತಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರು ತೊಳೆಯುವವರು ಅಷ್ಟು ಒಳಗೆ ಕೈ ಹಾಕುವುದಿಲ್ಲ.

ಮೋಸವಾದ ಮೇಲೆ

ಗೋವಾದ ಗ್ರಾಹಕರೊಬ್ಬರು 2011ರ ಕಾರು ಎಂದು ಹಣ ಕಟ್ಟಿದರು. ಬಂದದ್ದು 2009ರಲ್ಲಿ ತಯಾರಾದದ್ದು, ಆಗಲೇ 622 ಕಿಲೋಮೀಟರ್ ಓಡಿದ್ದು, ಅಡಿಭಾಗ ತುಕ್ಕು ಹಿಡಿದದ್ದು. ಪ್ರಕರಣ ಗ್ರಾಹಕ ವೇದಿಕೆಗಳನ್ನು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಬಂದ ತೀರ್ಪು ಕಂಪನಿಯನ್ನು ಹೊಣೆಯಿಂದ ಬಿಡಿಸಿತು: ಡೀಲರ್ ಕಂಪನಿಯ ಏಜೆಂಟನಲ್ಲ, ಸ್ವತಂತ್ರ ವ್ಯಾಪಾರಿ, ಅವನ ಕೃತ್ಯ ಕಂಪನಿಗೆ ತಿಳಿದಿತ್ತು ಎಂದು ಸಾಬೀತಾಗದೆ ಅದನ್ನು ಕಂಪನಿಯ ತಲೆಗೆ ಕಟ್ಟಲಾಗದು. ಬೋರ್ಡಿನ ಮೇಲಿನ ದೊಡ್ಡ ಹೆಸರನ್ನು ನಂಬಿ ದುಡ್ಡು ಕೊಡುವ ನಮ್ಮ ಅಭ್ಯಾಸಕ್ಕೆ ಈ ತೀರ್ಪು ನೇರವಾಗಿ ತಾಗುತ್ತದೆ. ವ್ಯವಹಾರ ನಡೆದಿರುವುದು ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿರುವ ಹೆಸರಿನ ಜೊತೆ.

ದೂರು ಕೊಡಲು ಲಕ್ಷಗಟ್ಟಲೆ ಖರ್ಚಿಲ್ಲ. 50 ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, ಅದರಾಚೆ 1,000. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದರೆ ಹಲವು ಡೀಲರ್‌ಗಳು ಅಲ್ಲೇ ರಾಜಿಗೆ ಬರುತ್ತಾರೆ. ಕೊಟೇಷನ್ ಹಾಳೆ, ಬುಕಿಂಗ್ ರಸೀದಿ, ಸೇಲ್ಸ್‌ಮನ್ ಜೊತೆಗಿನ ವಾಟ್ಸ್ಆ್ಯಪ್ ಮಾತುಕತೆ ಅಳಿಸದೆ ಇಟ್ಟುಕೊಂಡಿರಬೇಕು, ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಹುಬ್ಬಳ್ಳಿಯ ಷೋರೂಮಿನಲ್ಲಿ ಕಾರು ಕೊಂಡ ಹಾವೇರಿಯವರು ಮೊದಲಾಗಿದ್ದರೆ ಡೀಲರ್ ಇರುವ ಜಿಲ್ಲೆಗೆ ಅಲೆಯಬೇಕಿತ್ತು. 2019ರ ಕಾಯ್ದೆ ಬಂದ ಮೇಲೆ ಹಾವೇರಿಯ ಆಯೋಗದಲ್ಲೇ ದೂರು ಕೊಡಬಹುದು, ಓಡಾಟ ಹುಬ್ಬಳ್ಳಿಯವರದು.